ಜೋಳವಾಳಿಯಿಂದ ಅಗ್ನಿವೀರನವರೆಗೆ
(ಸೈನ್ಯಸೇವೆಯ ಪದಗಳು ಮತ್ತು ತರುಣರ ಮನೋಧರ್ಮ: ಒಂದು ಅಧ್ಯಯನ)

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದಲ್ಲಿ ದೊರೆತು, 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರಿಂದ ವಿದ್ವಲ್ಲೋಕದ ಗಮನಕ್ಕೆ ಬಂದ ಶಿಲಾಶಾಸನದ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. ಅದರ ಕಾಲ ಸುಮಾರು ಕ್ರಿ. ಶ. 450, ಅದು ಬಹುಕಾಲದಿಂದ ಕನ್ನಡದ ಮೊದಲ ಶಾಸನವೆಂದು ಪ್ರಸಿದ್ಧವಾಗಿದೆ, ಈ ಎರಡು ಸಂಗತಿಗಳನ್ನು ಪರೀಕ್ಷೆಗಾಗಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಆ ಶಾಸನದಲ್ಲಿ ಹೇಳಿರುವುದೇನು ಎಂದು ಪ್ರಶ್ನಿಸಿದರೆ ಉತ್ತರಿಸುವವರು ವಿರಳ. ಅದು ದೇವರ ಸ್ತುತಿಗಾಗಿ ಮಾತ್ರ ಹುಟ್ಟಿದ ಬರಹವಲ್ಲ, ಅರಸನ ವಂಶಾವಳಿಯನ್ನು ಸಾರಲು ನಿಲ್ಲಿಸಿದ ಕಲ್ಲೂ ಅಲ್ಲ. ಕಾಳಗದಲ್ಲಿ ಪರಾಕ್ರಮವನ್ನು ಮೆರೆದ ವಿಜ ಅರಸನೆಂಬ ಯೋಧನಿಗೆ ಎರಡು ಊರುಗಳನ್ನು 'ಬಾಳ್ಗಳ್ಚು' ಎಂಬುದಾಗಿ ದತ್ತಿ ಕೊಟ್ಟುದರ ದಾಖಲೆಯದು. 'ಬಾಳ್' ಎಂದರೆ ಖಡ್ಗ. 'ಕಳ್ಚು' ಎಂದರೆ ತೊಳೆ. ಹೋರಾಡಿ ಬಂದವನ ನೆತ್ತರಂಟಿದ ಖಡ್ಗವನ್ನು ತೊಳೆದು, ಅವನ ಬಾಳಿಗೆ ಆಧಾರವಾಗುವಂತೆ ಭೂಮಿಯನ್ನು ಕೊಡುವ ಮರ್ಯಾದೆಗೆ ಆ ಹೆಸರು. ಎಂದಮೇಲೆ ನಮ್ಮ ನುಡಿಯ ಅತಿ ಪ್ರಾಚೀನ ದಾಖಲೆಗಳಲ್ಲೊಂದು ಸೈನಿಕನೊಬ್ಬನಿಗೆ ನಾಡು ಸಲ್ಲಿಸಿದ ಋಣಪತ್ರವೇ ಆಗಿದೆ.

ಈ ಸಂಗತಿಯನ್ನು ಮೊದಲಿಗೆ ಎತ್ತಿಕೊಂಡುದಕ್ಕೆ ಕಾರಣವುಂಟು. ಇಂದು ಹಳ್ಳಿಯ ಕಟ್ಟೆಯ ಮೇಲೆಯೂ ಪಟ್ಟಣದ ಪಡಸಾಲೆಯಲ್ಲಿಯೂ ಎರಡು ದೂರುಗಳು ಕೇಳಿಬರುತ್ತಿವೆ. ಹಿರಿಯರು, "ಈಗಿನ ಹುಡುಗರು ಸೈನ್ಯಕ್ಕೆ ಸೇರುವ ಮೊದಲೇ ಸಂಬಳವೆಷ್ಟು, ಆಮೇಲೇನು ಎಂದು ಕೇಳುತ್ತಾರೆ, ದೇಶಾಭಿಮಾನ ಎಲ್ಲಿ ಉಳಿಯಿತು?" ಎನ್ನುತ್ತಾರೆ. ಕಿರಿಯರು, "ಅದೂ ಒಂದು ನೌಕರಿ, ನೌಕರಿಯ ಮಾತಿನಲ್ಲಿ ದೊಡ್ಡ ದೊಡ್ಡ ಶಬ್ದಗಳೇಕೆ?" ಎನ್ನುತ್ತಾರೆ. ಈ ಎರಡು ಮಾತುಗಳನ್ನು ತೂಗಿ ನೋಡಲು ಭಾಷಾಧ್ಯಾಪಕನ ಕೈಯಲ್ಲಿರುವ ತಕ್ಕಡಿಯೆಂದರೆ ಶಬ್ದಗಳೇ. ಒಂದೊಂದು ಕಾಲದ ಜನರು ಸೈನ್ಯಸೇವೆಯನ್ನು ಯಾವ ಯಾವ ಹೆಸರುಗಳಿಂದ ಕರೆದರೋ ಆ ಹೆಸರುಗಳಲ್ಲಿಯೇ ಅವರ ಮನೋಧರ್ಮ ಅಡಗಿದೆ. ಅದನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಜೋಳ, ಲೆಂಕ, ವೇಳೆ

ಹಳಗನ್ನಡ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಯೋಧನ ನಿಷ್ಠೆಯನ್ನು ಹೇಳುವ ಮೂರು ಪದಗಳು ಕಂಡುಬರುತ್ತವೆ: ಜೋಳವಾಳಿ, ಲೆಂಕವಾಳಿ, ವೇಳೆವಾಳಿ. ಮೂರರಲ್ಲಿಯೂ ಇರುವ 'ವಾಳಿ'ಯು 'ಪಾಳಿ' ಶಬ್ದದ ರೂಪ. ಕ್ರಮ, ಧರ್ಮ, ಕರ್ತವ್ಯ ಎಂದು ಅದರ ಅರ್ಥ. ಯಾರ ಜೋಳವನ್ನು ಉಂಡಿತೋ ಅವರಿಗಾಗಿ ಹೋರಾಡುವುದು ಜೋಳವಾಳಿ. ಒಡೆಯನ ನೆಚ್ಚಿನ ಸೇವಕನಾಗಿ ಬದುಕಿ ಅವನೊಡನೆ ಬಾಳನ್ನು ಬೆಸೆದುಕೊಳ್ಳುವುದು ಲೆಂಕವಾಳಿ. ತಕ್ಕ ವೇಳೆ ಬಂದಾಗ ಪ್ರಾಣವನ್ನೇ ಒಪ್ಪಿಸುವೆನೆಂದು ಮೊದಲೇ ಭಾಷೆ ಕೊಟ್ಟು ಅದರಂತೆ ನಡೆಯುವುದು ವೇಳೆವಾಳಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಕಂಬದ ಶಾಸನವನ್ನು ನೋಡಿದವರು ಈ ಕೊನೆಯ ಪದದ ಭಾರವನ್ನು ಬಲ್ಲರು. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ಕಾಲವಾದಾಗ ಅವನ ದಂಡನಾಯಕ ಕುವರಲಕ್ಷ್ಮನು ತನ್ನ ಮಡದಿ ಸುಗ್ಗಲದೇವಿಯೊಡನೆ, ತನ್ನನ್ನು ನಂಬಿದ ಲೆಂಕರೊಡನೆ ಪ್ರಾಣತ್ಯಾಗ ಮಾಡಿದನು.

ವೇಳೆವಾಳಿಯ ಈ ಕಠೋರ ಆದರ್ಶವನ್ನು ಇಂದು ನಾವು ಅನುಸರಿಸಬೇಕೆಂದು ಯಾರೂ ಹೇಳಲಾರರು. ವ್ಯಕ್ತಿಯೊಬ್ಬನ ಮರಣಕ್ಕಾಗಿ ನೂರಾರು ಜೀವಗಳು ಅಳಿಯುವುದು ಪ್ರಜಾಪ್ರಭುತ್ವದ ಧರ್ಮಕ್ಕೆ ಹೊಂದುವ ಮಾತಲ್ಲ. ಆದರೆ ಈ ಮೂರರಲ್ಲಿ ಅತ್ಯಂತ ವ್ಯಾಪಕವಾಗಿದ್ದ ಜೋಳವಾಳಿಯು ನಮ್ಮ ವಿಚಾರಕ್ಕೆ ಬಹಳ ಹತ್ತಿರದ್ದು. ಅಲ್ಲಿ ಅನ್ನವನ್ನು ಮರೆಮಾಚುವ ಪ್ರಯತ್ನವೇ ಇಲ್ಲ. ಉಂಡ ಅನ್ನವೇ ನಿಷ್ಠೆಗೆ ಕಾರಣವೆಂದು ಶಬ್ದವೇ ಸಾರುತ್ತಿದೆ. "ಉಪ್ಪುಂಡ ಮನೆಗೆ ಎರಡು ಬಗೆಯಬೇಡ" ಎಂದು ನಮ್ಮ ಹಿರಿಯರು ಹೇಳುವುದೂ ಅದೇ ಭಾವದಿಂದ. ಕ್ರಿ. ಶ. 941ರ ಸುಮಾರಿನಲ್ಲಿ ತನ್ನ ಮಹಾಕಾವ್ಯಗಳನ್ನು ರಚಿಸಿದ ಪಂಪನು ಕವಿಯೂ ಕಲಿಯೂ ಆಗಿದ್ದವನು. ಅರಿಕೇಸರಿಯಿಂದ ಧರ್ಮವುರವೆಂಬ ಅಗ್ರಹಾರವನ್ನು ಪಡೆದವನು. ಅವನು ಚಿತ್ರಿಸಿದ ಕರ್ಣನ ಹಿರಿಮೆ ಇರುವುದು ಈ ಋಣಪ್ರಜ್ಞೆಯಲ್ಲಿಯೇ. ತನ್ನನ್ನು ಸಾಕಿ ಮಾನವಿತ್ತವನನ್ನು ಕಷ್ಟಕಾಲದಲ್ಲಿ ತೊರೆಯಲಾರೆನೆಂಬ ಕರ್ಣನನ್ನು ಕೂಲಿಯಾಳೆಂದು ಯಾವ ಓದುಗನೂ ಹಳಿದಿಲ್ಲ. ಅನ್ನಕ್ಕೂ ಅಭಿಮಾನಕ್ಕೂ ವಿರೋಧವಿದೆಯೆಂಬ ಕಲ್ಪನೆ ನಮ್ಮ ಪೂರ್ವಿಕರದಲ್ಲ ಎಂಬುದು ಇದರಿಂದ ಸ್ಪಷ್ಟ.

ಕಲ್ಲಿನ ಚಿತ್ರವೂ ಕಲ್ಲಿನ ಬರಹವೂ

ಕನ್ನಡನಾಡಿನ ಊರೂರಿನಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹಂತದ ಚಿತ್ರಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ದೇವಸಾನ್ನಿಧ್ಯ. ಈ ವೀರರೆಲ್ಲರೂ ಅರಸನ ದಂಡಿನಲ್ಲಿದ್ದವರಲ್ಲ. ದನಗಳನ್ನು ಹೊಡೆದೊಯ್ಯುವ 'ತುರುಗೊಳ್', ಹೆಂಗಸರ ಮೇಲೆ ಕೈಮಾಡುವ 'ಪೆಣ್ಬುಯ್ಯಲ್', ಊರನ್ನೇ ಹಾಳುಗೆಡಹುವ 'ಊರಳಿವು' ಮೊದಲಾದ ಸಂದರ್ಭಗಳಲ್ಲಿ ಎದುರು ನಿಂತು ಮಡಿದ ಸಾಮಾನ್ಯ ಒಕ್ಕಲಿನವರೂ ಅವರಲ್ಲಿ ಅನೇಕರಿದ್ದಾರೆ. ಬೆಂಗಳೂರಿನ ಬಳಿಯ ಬೇಗೂರಿನ ವೀರಗಲ್ಲು, ಸುಮಾರು ಕ್ರಿ. ಶ. 890ರದು, 'ಬೆಂಗಳೂರು ಕಾಳಗ'ವನ್ನು ಹೆಸರಿಸಿ ಆ ಮಹಾನಗರದ ಹೆಸರಿನ ಪ್ರಾಚೀನತೆಗೇ ಆಧಾರವಾಗಿದೆ.

ಚಿತ್ರವನ್ನು ನೋಡಿ ಮುಂದೆ ನಡೆಯುವವರು ಒಂದು ಮುಖ್ಯ ವಿಷಯವನ್ನು ಕಾಣದೆ ಹೋಗುತ್ತಾರೆ. ಚಿತ್ರದಲ್ಲಿ ಮಡಿದವನಿದ್ದಾನೆ, ಮನೆಯಲ್ಲಿ ಉಳಿದವರಿಲ್ಲ. ಅವನ ಮುಪ್ಪಿನ ತಾಯಿ, ಹೆಂಡತಿ, ಹಸುಗೂಸು ಯಾವ ಪಟ್ಟಿಕೆಯಲ್ಲಿಯೂ ಕಾಣುವುದು ಅಪೂರ್ವ. ಆದರೆ ಅನೇಕ ಕಲ್ಲುಗಳ ಬರಹದಲ್ಲಿ ಅವರಿಗೆ ಎಡೆಯಿದೆ. 'ನೆತ್ತರುಗೊಡಗೆ' ಎಂಬುದು ನೆತ್ತರು ಚೆಲ್ಲಿದವನ ಮನೆಯವರಿಗೆ ಕೊಟ್ಟ ಭೂಮಿ. 'ಕಲ್ನಾಡು' ಎಂಬುದು ವೀರಗಲ್ಲಿನೊಡನೆ ಬಿಟ್ಟ ಭೂಮಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಈ ಬಗೆಯ ಮರ್ಯಾದೆಗೆ ಒಳ್ಳೆಯ ನಿದರ್ಶನ. 949ರ ತಕ್ಕೋಲದ ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ಗಂಗರ ಬೂತುಗನು ಮಣಲರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಳ್ಚಾಗಿ ಕೊಟ್ಟನೆಂದು ಅದು ಹೇಳುತ್ತದೆ. ಮಣಲರನ ಅಚ್ಚುಮೆಚ್ಚಿನ 'ಕಾಳಿ' ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟುದನ್ನೂ ಅದೇ ಶಾಸನದಲ್ಲಿ ಓದುತ್ತೇವೆ. ನಾಯಿಯ ಋಣವನ್ನೂ ತೀರಿಸಿದ ನಾಡು ಇದು.

ಇದರಿಂದ ಹೊರಡುವ ತಾತ್ಪರ್ಯವಿಷ್ಟು. ಹಿಂದಿನವರ ದೃಷ್ಟಿಯಲ್ಲಿ ಸೈನ್ಯಸೇವೆಯ ಋಣಕ್ಕೆ ಎರಡು ಮುಖ. ಉಂಡವನು ಒಡೆಯನಿಗೆ ಋಣಿ. ನೆತ್ತರು ಪಡೆದ ಒಡೆಯನು ಉಂಡವನ ಮನೆಗೆ ಋಣಿ. ಒಂದು ಮುಖವನ್ನು ಮಾತ್ರ ಹಿಡಿದು ಇನ್ನೊಂದನ್ನು ಬಿಟ್ಟರೆ ಅದು ನಮ್ಮ ಪರಂಪರೆಯಾಗಲಾರದು.

ಸನದು, ದಂಡು, ಪಟಾಲಮು

ಈ ಎರಡು ಮುಖದ ಋಣ ಮುರಿದಾಗ ಏನಾಗುವುದೆಂಬುದನ್ನು ಕಿತ್ತೂರಿನ ಇತಿಹಾಸ ತೋರಿಸುತ್ತದೆ. ಸಂಗೊಳ್ಳಿ ರಾಯಣ್ಣನು 'ಶೇತಸನದಿ'ಯಾಗಿದ್ದನು. ಊರಿನ ರಕ್ಷಣೆಯ ಹಾಗೂ ಸೈನ್ಯದ ಸೇವೆಗೆ ಪ್ರತಿಯಾಗಿ ಸನದಿನ ಮೂಲಕ ಹೊಲ ಪಡೆದವನು ಎಂದರ್ಥ. 1824ರ ಕಿತ್ತೂರಿನ ಹೋರಾಟದ ತರುವಾಯ ಕಂಪನಿಯ ಸರಕಾರವು ಅವನ ಭೂಮಿಯ ಮೇಲೆ ಕೈಯಿಕ್ಕಿತು. ಹೊಲವನ್ನು ಕಸಿದುಕೊಳ್ಳುವುದೆಂದರೆ ಬರಿಯ ಆದಾಯ ಕಳೆಯುವುದಲ್ಲ, ಮಾನವನ್ನೇ ಕಸಿಯುವುದು. ರಾಯಣ್ಣನು ಬಂಡೆದ್ದು, ಸೆರೆಸಿಕ್ಕಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು. 1857ರ ನವೆಂಬರಿನಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದೆ ಹೋರಾಡಿ ಮಡಿದುದಕ್ಕೂ ಮೂಲದಲ್ಲಿ ಇದೇ ಕಾರಣ. ಆಯುಧವು ಅವರ ವೃತ್ತಿಯೂ ಹೌದು, ಮರ್ಯಾದೆಯೂ ಹೌದು. ಈ ವೀರರ ಲಾವಣಿಗಳನ್ನು ಹಾಡಿದವರು ಆಸ್ಥಾನಕವಿಗಳಲ್ಲ, ಜನರು.

ಆಂಗ್ಲರ ಆಡಳಿತ ಬಲಿತಂತೆ ನಮ್ಮ ನುಡಿಗೆ ಹೊಸ ಪದಗಳು ಬಂದವು. ಪಾರಸಿಯ 'ಸಿಪಾಹಿ' ನಮ್ಮಲ್ಲಿ ಸಿಪಾಯಿಯಾಯಿತು. ಇಂಗ್ಲಿಷಿನ 'ಬೆಟಾಲಿಯನ್' ದಕ್ಷಿಣದ ನಾಲಗೆಗಳಲ್ಲಿ ಉರುಳಿ 'ಪಟಾಲಮು' ಆಯಿತು. ಸಂಸ್ಕೃತದ 'ದಂಡ'ದಿಂದ ಬಂದು ಹಿಂದೆ ಅರಸರ ಸೈನ್ಯಕ್ಕೆ ಸಲ್ಲುತ್ತಿದ್ದ 'ದಂಡು' ಎಂಬ ಪದವು, 1809ರಲ್ಲಿ ಬೆಂಗಳೂರಿನಲ್ಲಿ ಬಿಳಿಯರ ಪಾಳೆಯ ನೆಲೆಯೂರಿದ ಮೇಲೆ, ಒಂದು ಊರಭಾಗದ ಹೆಸರಾಯಿತು. ರೈಲ್ವೆ ನಿಲ್ದಾಣದ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಇಲ್ಲೊಂದು ವಿಶೇಷವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಂದಿನ ಮಾತಿನಲ್ಲಿ 'ಪಟಾಲಮು' ಎಂದರೆ ಯಾರದೋ ಹಿಂದೆ ತಿರುಗುವ ಗುಂಪು ಎಂಬ ಹಗುರವಾದ ಅರ್ಥ. ಪರರ ಸೈನ್ಯ, ಪರರ ಯುದ್ಧ ಎಂಬ ಭಾವದಿಂದಲೇ ಜನರು ಆ ಪದವನ್ನು ಹಗುರಗೊಳಿಸಿರಬೇಕೆಂದು ನನಗೆ ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಂಗ್ಲರು 'ಯೋಧಜನಾಂಗ'ಗಳೆಂಬ ಸಿದ್ಧಾಂತವೊಂದನ್ನು ಹೂಡಿದರು. 1885ರಿಂದ 1893ರವರೆಗೆ ಭಾರತದ ಮಹಾದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸನು ಇದರ ಪ್ರಬಲ ಪ್ರತಿಪಾದಕ. ಉತ್ತರದ ಕೆಲವು ಜನಾಂಗಗಳು ಹುಟ್ಟಿನಿಂದಲೇ ವೀರರು, ದಕ್ಷಿಣದವರು ಹಾಗಲ್ಲ ಎಂಬುದು ಅದರ ಸಾರ. ಅದರಂತೆ ಮದರಾಸು ಸೈನ್ಯದ ಪದಾತಿದಳಗಳು ಕ್ರಮೇಣ ಕರಗಿ, ಭರ್ತಿಯ ಕೇಂದ್ರ ಪಂಜಾಬಿನ ಕಡೆಗೆ ಸರಿಯಿತು. ಇಮ್ಮಡಿ ಪುಲಿಕೇಶಿಯ ನಾಡಿನವರು, ಊರೂರಿಗೆ ವೀರಗಲ್ಲು ನೆಟ್ಟವರು ವೀರರಲ್ಲವೆಂಬ ಈ ವಾದಕ್ಕೆ ಇತಿಹಾಸವೇ ಉತ್ತರ ಹೇಳಿತು. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಜೋಧಪುರದ ಅಶ್ವದಳದೊಡನೆ ಕೂಡಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಈಟಿ ಹಿಡಿದ ಸವಾರರು ಫಿರಂಗಿಗಳನ್ನು ಎದುರಿಸಿದ ಆ ಸಾಹಸದ ನೆನಪಿಗಾಗಿ ದೆಹಲಿಯಲ್ಲಿ 1922ರಲ್ಲಿ ನಿಂತ ಮೂರು ಪ್ರತಿಮೆಗಳಲ್ಲೊಂದು ಮೈಸೂರಿನ ಸವಾರನದು.

ಆದರೂ ಅಂದಿನ ಮನೆಗಳಲ್ಲಿ ಸೈನ್ಯವೆಂದರೆ ಭಯವೇ ಹೆಚ್ಚು. ಮೊದಲನೆಯ ಮಹಾಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ಕಡಲಾಚೆಗೆ ಹೋದರು. ಎರಡನೆಯದರಲ್ಲಿ ಸೇವೆ ಸಲ್ಲಿಸಿದವರು ಸುಮಾರು 25 ಲಕ್ಷ. ಹೋದವರ ಸುದ್ದಿಯನ್ನು ತರುತ್ತಿದ್ದುದು ಅಂಚೆ, ಇಲ್ಲವೆ ತಂತಿ. ತಂತಿ ಬಂದಿತೆಂದರೆ ಓದುವ ಮೊದಲೇ ಮನೆಯಲ್ಲಿ ಅಳು ಹುಟ್ಟುತ್ತಿತ್ತು. ಬರಗಾಲದಲ್ಲಿ ಬೇರೆ ದಾರಿಗಾಣದವನು, ಮನೆಯಲ್ಲಿ ಜಗಳವಾಡಿದವನು 'ದಂಡಿಗೆ ಹೋದ' ಎಂದು ಹೇಳುವ ರೂಢಿಯಿತ್ತು. ಆ ಮಾತಿನಲ್ಲಿ ಮರಳಿ ಬಾರದವನೆಂಬ ಧ್ವನಿಯೂ ಸೇರಿತ್ತು.

ಜವಾನ

ಸ್ವಾತಂತ್ರ್ಯದೊಡನೆ ಈ ಭಾವ ಬದಲಾಯಿತು. ಇಂದೂರಿನಲ್ಲಿ ತರಬೇತಿ ಪಡೆದು 1919ರಲ್ಲಿ ಸೈನ್ಯಾಧಿಕಾರಿಯಾದ ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಆ ದಿನವನ್ನೇ ನಾವು ಸೇನಾದಿನವೆಂದು ಆಚರಿಸುತ್ತೇವೆ. ಅದೇ ವರ್ಷ ಭರ್ತಿಯ ಬಾಗಿಲನ್ನು ಎಲ್ಲ ವರ್ಗಗಳ ಜನರಿಗೂ ತೆರೆಯುವ ನೀತಿ ಬಂದಿತು. ಎಲ್ಲ ಪ್ರಾಂತಗಳವರೂ ಒಂದೇ ದಳದಲ್ಲಿ ನಿಲ್ಲುವ 'ಬ್ರಿಗೇಡ್ ಆಫ್ ದಿ ಗಾರ್ಡ್ಸ್' ಸಹ ಆಗಲೇ ರೂಪುಗೊಂಡಿತು. ಕೊಡಗಿನವರೇ ಆದ ಕೆ. ಎಸ್. ತಿಮ್ಮಯ್ಯನವರು 1957ರಿಂದ 1961ರವರೆಗೆ ಸೇನಾಮುಖ್ಯಸ್ಥರಾಗಿದ್ದರು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ, ಬೆಂಗಳೂರಿನಲ್ಲಿ ಮದರಾಸು ಇಂಜಿನಿಯರ್ ದಳದ ಕೇಂದ್ರ, ಬೆಳಗಾವಿಯಲ್ಲಿ 1945ರಲ್ಲಿ ಆರಂಭವಾದ ಮಿಲಿಟರಿ ಶಾಲೆ, ವಿಜಯಪುರದಲ್ಲಿ 1963ರಲ್ಲಿ ಹುಟ್ಟಿದ ಸೈನಿಕ ಶಾಲೆ, ಇವೆಲ್ಲವೂ ನಮ್ಮ ನಾಡಿನ ಮಕ್ಕಳಿಗೆ ದಾರಿಯನ್ನು ಹತ್ತಿರ ಮಾಡಿದವು.

1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ರೈತನ ಹೆಸರಿನೊಡನೆ ಜವಾನನ ಹೆಸರನ್ನು ಕೂಡಿಸಿ ಜಯಕಾರ ಹಾಕಿಸಿದರು. 'ಜವಾನ್' ಎಂಬುದು ಪಾರಸಿಯ ಪದ. ನಮ್ಮ 'ಯುವನ್' ಶಬ್ದಕ್ಕೆ ಅಕ್ಕತಂಗಿಯಂತಿರುವುದು. ತರುಣನೆಂದೇ ಅದರ ಅರ್ಥ. ಕನ್ನಡದಲ್ಲಿ ಅದು ಎರಡು ದಾರಿ ಹಿಡಿದುದು ಕುತೂಹಲಕರ. ಗಡಿಯಲ್ಲಿ ನಿಂತವನೂ ಜವಾನ, ಕಚೇರಿಯ ಬಾಗಿಲಲ್ಲಿ ನಿಂತು ಕಡತ ಹೊರುವವನೂ ಜವಾನ. ನಾಡಿಗಾಗಿ ನಿಂತವನಿಗೆ ಹಾರ ಹಾಕಿ, ಕಚೇರಿಯಲ್ಲಿ ನಿಂತವನನ್ನು ಏಕವಚನದಲ್ಲಿ ಕೂಗುವ ನಮ್ಮ ಅಭ್ಯಾಸವನ್ನು ಈ ಒಂದು ಶಬ್ದ ಬಯಲಿಗೆಳೆಯುತ್ತದೆ.

ಈ ಕಾಲದ ತಲೆಮಾರಿಗೆ ಸೈನ್ಯವು ಮನೆಯ ಆಧಾರವಾಯಿತು. ಸಿಪಾಯಿಯೊಬ್ಬನು ಕನಿಷ್ಠ 15 ವರ್ಷ ಸೇವೆ ಸಲ್ಲಿಸಿದರೆ ಜೀವಮಾನವಿಡೀ ಪಿಂಚಣಿ ದೊರೆಯುತ್ತಿತ್ತು. ಮಳೆಯನ್ನೇ ನಂಬಿದ ಬಯಲುಸೀಮೆಯಲ್ಲಿ ಅದರ ಬೆಲೆಯೇನೆಂಬುದನ್ನು ಒಕ್ಕಲುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ತಂಗಿಯ ಮದುವೆ, ಬಾವಿಯ ಕೆಲಸ, ತಮ್ಮನ ಓದು, ಮನೆಯ ಮಾಳಿಗೆ ಎಲ್ಲವೂ ಆ ಹಣದಿಂದಲೇ ನಡೆದ ಮನೆಗಳು ಬೆಳಗಾವಿ, ಧಾರವಾಡ, ಕೊಡಗುಗಳ ಹಳ್ಳಿಗಳಲ್ಲಿ ಎಷ್ಟೋ ಇವೆ. ನಿವೃತ್ತರಾಗಿ ಬಂದ ಸುಬೇದಾರರ ಮಾತಿಗೆ ಪಂಚಾಯಿತಿಯ ಕಟ್ಟೆಯಲ್ಲಿ ತೂಕ ಬಂದಿತು. 'ದಂಡಿಗೆ ಹೋದ' ಎಂಬ ನಿಟ್ಟುಸಿರಿನ ಎಡೆಯಲ್ಲಿ 'ಮಿಲಿಟರಿಯಲ್ಲಿದ್ದಾರೆ' ಎಂಬ ಹೆಮ್ಮೆಯ ಬಹುವಚನ ಕೇಳಿಬಂದಿತು. 1999ರ ಕಾರ್ಗಿಲ್ ಕದನದಲ್ಲಿ ಮಡಿದವರ ದೇಹಗಳು ಹುಟ್ಟೂರುಗಳಿಗೆ ಬಂದು, ಇಡೀ ಊರು ನಿಂತು ವಂದಿಸಿದ ಮೇಲೆ ಆ ಹೆಮ್ಮೆಯೊಡನೆ ದುಃಖವೂ ಸಾರ್ವಜನಿಕವಾಯಿತು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮರಾಶಿಯ ಅಡಿಯಲ್ಲಿ ಆರು ದಿನ ಉಸಿರು ಹಿಡಿದಿದ್ದು, ಮೇಲೆತ್ತಿದ ಬಳಿಕ 11ರಂದು ಕೊನೆಯುಸಿರೆಳೆದ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದರಿಗಾಗಿ ಮರುಗದ ಕನ್ನಡ ಮನೆಯಿರಲಿಲ್ಲ.

ಅಗ್ನಿವೀರ

ಈಗಿನ ತಲೆಮಾರಿನ ಪದ 'ಅಗ್ನಿವೀರ'. 2022ರ ಜೂನ್ 14ರಂದು ಕೇಂದ್ರ ಸರಕಾರವು ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಹದಿನೇಳೂವರೆಯಿಂದ 21 ವರ್ಷದೊಳಗಿನವರಿಗೆ ನಾಲ್ಕು ವರ್ಷಗಳ ಸೇವೆ. ಅವಧಿ ಮುಗಿದ ಮೇಲೆ ಶೇಕಡಾ 25ರವರೆಗಿನವರಿಗೆ ಮಾತ್ರ ಕಾಯಂ ಸೇವೆ. ಉಳಿದವರಿಗೆ ಪಿಂಚಣಿಯಿಲ್ಲ, 'ಸೇವಾನಿಧಿ' ಎಂಬ ಸುಮಾರು 11.71 ಲಕ್ಷ ರೂಪಾಯಿಗಳ ಇಡುಗಂಟು. ಇವು ಅಂದು ಪ್ರಕಟವಾದ ಮುಖ್ಯಾಂಶಗಳು. ತಿಂಗಳ ಸಂಬಳ ಮೊದಲ ವರ್ಷ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಶೇಕಡಾ 30ನ್ನು ನಿಧಿಗೆ ಮುರಿದುಕೊಂಡು ಸರಕಾರವೂ ಅಷ್ಟೇ ಹಣವನ್ನು ಸೇರಿಸುವ ಏರ್ಪಾಡು. ಸೇನೆಯನ್ನು ಹರೆಯದವರಿಂದ ತುಂಬುವುದು ಸರಕಾರವು ಹೇಳಿದ ಉದ್ದೇಶ. ಪಿಂಚಣಿಯ ಹೊರೆಯನ್ನು ಇಳಿಸುವುದೂ ಇದರಿಂದ ಸಾಧ್ಯವೆಂದು ವಿಮರ್ಶಕರು ತೋರಿಸಿದರು.

ಪ್ರಕಟಣೆಯ ಬೆನ್ನಿಗೇ ಬಿಹಾರ, ಉತ್ತರಪ್ರದೇಶ, ತೆಲಂಗಾಣ ಮೊದಲಾದೆಡೆ ತರುಣರು ಬೀದಿಗಿಳಿದರು. ರೈಲುಗಳಿಗೆ ಬೆಂಕಿಯಿಟ್ಟುದು ಯಾವ ರೀತಿಯಿಂದಲೂ ಸಮರ್ಥನೀಯವಲ್ಲ. ಆದರೆ ಅವರ ನೋವಿನ ಮೂಲವನ್ನು ತಿಳಿಯದೆ ಅವರನ್ನು ಹಳಿಯುವುದೂ ನ್ಯಾಯವಲ್ಲ. ಮಹಾಮಾರಿಯ ಕಾರಣದಿಂದ ಅದಕ್ಕೆ ಹಿಂದಿನ ಎರಡು ವರ್ಷ ಭರ್ತಿಯೇ ನಿಂತುಹೋಗಿತ್ತು. ಓಡಿ ಓಡಿ ಮೈಯನ್ನು ಹುರಿಗೊಳಿಸಿ ಕಾಯುತ್ತಿದ್ದವರ ವಯಸ್ಸು ಕಾಯುತ್ತ ಕೂರಲಿಲ್ಲ. ಆ ಕಾರಣದಿಂದಲೇ ಸರಕಾರವು ಆ ಒಂದು ವರ್ಷದ ಮಟ್ಟಿಗೆ ವಯೋಮಿತಿಯನ್ನು 23ಕ್ಕೆ ಏರಿಸಿತು. 2023ರಿಂದ ಮೊದಲು ಗಣಕಯಂತ್ರದ ಮೂಲಕ ಲಿಖಿತ ಪರೀಕ್ಷೆ, ಆಮೇಲೆ ಮೈದಾನದ ಪರೀಕ್ಷೆ ಎಂಬ ಕ್ರಮ ಬಂದಿತು. 2025ರ ಭರ್ತಿಯಲ್ಲಿ ಆ ಲಿಖಿತ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಬರೆಯಲು ಅವಕಾಶ ದೊರೆತುದು ಕನ್ನಡ ಮಾಧ್ಯಮದ ಮಕ್ಕಳಿಗೆ ಸಂತೋಷದ ಸಂಗತಿ.

ನಮ್ಮ ಹಳ್ಳಿಗಳ ರಸ್ತೆಗಳಲ್ಲಿ ಇನ್ನೂ ಕತ್ತಲಿರುವಾಗ ಹುಡುಗರು ಓಡುವ ಸಪ್ಪಳ ಕೇಳುತ್ತದೆ. 1.6 ಕಿಲೋಮೀಟರ್ ಓಟ, ಒಂಬತ್ತು ಅಡಿ ಹಳ್ಳದ ಜಿಗಿತ, ಅಡ್ಡಕಂಬಿ ಹಿಡಿದು ಮೈಯನ್ನು ಮೇಲೆತ್ತುವ ಪರೀಕ್ಷೆ ಇವುಗಳಿಗಾಗಿ ಅವರು ಪಡುವ ಶ್ರಮವನ್ನು ಕಂಡವರು, ಈ ತಲೆಮಾರು ಸೋಮಾರಿಯೆಂದು ಹೇಳಲು ನಾಚಬೇಕು. ಮನೆಯಲ್ಲಿ ಮಾತ್ರ ಅಭಿಪ್ರಾಯ ಒಂದಾಗಿಲ್ಲ. "ನಾಲ್ಕು ವರ್ಷವಾದರೂ ಸರಕಾರದ ಅನ್ನ" ಎಂದು ತಂದೆ, "ಆಮೇಲೆ ಇವನ ಗತಿಯೇನು?" ಎಂದು ತಾಯಿ. ಮಗನು ಇಬ್ಬರ ಮಾತನ್ನೂ ಕೇಳಿಕೊಂಡು ಮರುದಿನ ಮತ್ತೆ ಓಡಲು ಏಳುತ್ತಾನೆ.

ಹೆಣ್ಣುಮಕ್ಕಳ ಪ್ರವೇಶ

ಈ ಕಾಲದ ಮತ್ತೊಂದು ಬದಲಾವಣೆಯನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಬೆಳವಡಿ ಮಲ್ಲಮ್ಮ, ಕೆಳದಿಯ ಚೆನ್ನಮ್ಮ, ಕಿತ್ತೂರಿನ ಚೆನ್ನಮ್ಮ ಇವರ ಕಥೆಗಳನ್ನು ಹೇಳಿ ಹಿಗ್ಗುವ ನಾವು, ಮನೆಯ ಮಗಳು ಸೈನ್ಯಕ್ಕೆ ಹೋಗುವೆನೆಂದರೆ ಹಿಂಜರಿಯುತ್ತಿದ್ದೆವು. ಕಿತ್ತೂರಿನಲ್ಲಿ 1969ರಲ್ಲಿಯೇ ಬಾಲಕಿಯರಿಗಾಗಿ ರಾಣಿ ಚೆನ್ನಮ್ಮನ ಹೆಸರಿನ ಸೈನಿಕ ಶಾಲೆ ತೆರೆದಿತ್ತಾದರೂ, ಸೇನೆಯಲ್ಲಿ ವೈದ್ಯಕೀಯೇತರ ವಿಭಾಗಗಳ ಅಧಿಕಾರಿಗಳಾಗಿ ಹೆಣ್ಣುಮಕ್ಕಳಿಗೆ ಅವಕಾಶ ದೊರೆತುದು 1992ರಿಂದ. 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ ಕಾಯಂ ಸೇವೆಯ ಹಕ್ಕನ್ನು ಎತ್ತಿಹಿಡಿಯಿತು. 2021ರ ಮೇ ತಿಂಗಳಲ್ಲಿ ಸೇನಾ ಪೊಲೀಸ್ ದಳದ ಮೊದಲ 83 ಮಹಿಳಾ ಸೈನಿಕರು ತರಬೇತಿ ಮುಗಿಸಿ ಹೊರಬಂದುದು ನಮ್ಮ ಬೆಂಗಳೂರಿನಲ್ಲಿಯೇ. 2022ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲೂ ತೆರೆಯಿತು. ವೀರಗಲ್ಲಿನ ಚಿತ್ರದಲ್ಲಿ ಅಪ್ಸರೆಯಾಗಿ ಮಾತ್ರ ನಿಂತಿದ್ದ ಹೆಣ್ಣು ಈಗ ಕೆಳಗಿನ ಪಟ್ಟಿಕೆಗೂ ಇಳಿದಿದ್ದಾಳೆ.

ಎರಡು ದೂರುಗಳ ವಿಚಾರ

ಈಗ ಮೊದಲು ಎತ್ತಿದ ದೂರುಗಳಿಗೆ ಮರಳೋಣ. ಸಂಬಳ ಕೇಳುವವನಲ್ಲಿ ಅಭಿಮಾನವಿಲ್ಲವೆಂಬ ಹಿರಿಯರ ಮಾತು ನಮ್ಮ ಪರಂಪರೆಗೆ ವಿರುದ್ಧವಾದುದು. 'ಸಂಬಳ' ಎಂಬ ಶಬ್ದವನ್ನೇ ನೋಡಿರಿ. ಸಂಸ್ಕೃತದ 'ಶಂಬಲ'ದಿಂದ ಅದು ಬಂದಿದೆ; ಪ್ರಯಾಣಕ್ಕೆ ಹೊರಟವನು ಕಟ್ಟಿಕೊಳ್ಳುವ ದಾರಿಬುತ್ತಿಯೆಂದು ಅದರ ಮೂಲಾರ್ಥ. ದೂರದ ಗಡಿಗೆ ಹೊರಟ ಮಗನು ಬುತ್ತಿಯ ಮಾತೆತ್ತಿದರೆ ತಪ್ಪೇನು? "ನಾಲ್ಕು ವರ್ಷದ ಮೇಲೇನು?" ಎಂಬ ಪ್ರಶ್ನೆಯೂ ಹೊಸದಲ್ಲ. ಬಾಳ್ಗಳ್ಚು, ನೆತ್ತರುಗೊಡಗೆ, ಕಲ್ನಾಡು, ಸನದು ಎಲ್ಲವೂ ಆ ಪ್ರಶ್ನೆಗೆ ಆಯಾ ಕಾಲದ ಒಡೆಯರು ಕೊಟ್ಟ ಉತ್ತರಗಳೇ. ಪ್ರಜಾಪ್ರಭುತ್ವದಲ್ಲಿ ಒಡೆಯನಾರು? ನಾವೆಲ್ಲರೂ. ಆದುದರಿಂದ ಉತ್ತರ ಹೇಳುವ ಹೊಣೆಯೂ ನಮ್ಮೆಲ್ಲರದು. ಹಿಂದೆ ಕಲಿಯೆನಿಸಿಕೊಂಡವನಿಗೆ ವೀರನೆಂಬ ಬಿರುದು ಕಾಳಗದ ಬಳಿಕ ಬರುತ್ತಿತ್ತು. ಈಗ ಸೇರಿದ ದಿನವೇ ಅದನ್ನು ಕೊಡುತ್ತೇವೆ. ಬಿರುದನ್ನು ಮುಂಗಡವಾಗಿ ಕೊಟ್ಟ ನಾವು ಬಾಳಿನ ಆಧಾರವನ್ನು ಮರೆಯಬಾರದು.

ಮತ್ತೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಸೈನಿಕನಿಗೆ ಜೈಕಾರ ಹಾಕುವವರಲ್ಲಿ ಬಹುಮಂದಿ ತಮ್ಮ ಮಕ್ಕಳನ್ನು ಸೈನ್ಯಕ್ಕೆ ಕಳಿಸುವವರಲ್ಲ. ಪಟ್ಟಣದ ಅನುಕೂಲಸ್ಥರ ಮಗನು ಇಂಜಿನಿಯರಾಗಬೇಕು. ಗಡಿ ಕಾಯುವುದಕ್ಕೆ ಹಳ್ಳಿಯ ಒಕ್ಕಲು ಮಗನಿರಬೇಕು. ಭಾರತದಲ್ಲಿ ಕಡ್ಡಾಯ ಸೈನ್ಯಸೇವೆಯಿಲ್ಲ, ಇಲ್ಲದಿರುವುದೇ ಲೇಸು. ಆದರೆ 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 51ಎ ವಿಧಿಯು ದೇಶರಕ್ಷಣೆಯನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಎಣಿಸಿದೆ. ಬಡವನ ಮಗನ ಕರ್ತವ್ಯವೆಂದು ಅಲ್ಲಿ ಬರೆದಿಲ್ಲ.

ಇನ್ನು ಕಿರಿಯರ ಮಾತು: "ಅದೂ ಒಂದು ನೌಕರಿ." ಇದಕ್ಕೆ ಉತ್ತರವಾಗಿ 'ಜೀತ' ಎಂಬ ಶಬ್ದದ ಕಥೆ ಹೇಳುವೆನು. ಅದು ಸಂಸ್ಕೃತದ 'ಜೀವಿತ'ದ ತದ್ಭವ. ಹಿಂದೆ ಯೋಧನಿಗೆ ಅವನ ಸೇವೆಗಾಗಿ ಸಲ್ಲುತ್ತಿದ್ದ ಗೌರವದ ಜೀವನಾಧಾರಕ್ಕೇ ಆ ಹೆಸರಿತ್ತು. ಕಾಲಾಂತರದಲ್ಲಿ ಸೇವೆಯಿಂದ ಗೌರವ ಸೋರಿಹೋಗಿ, ಸಾಲಕ್ಕೆ ಸಿಕ್ಕಿಬಿದ್ದವನ ದುಡಿಮೆಗೆ ಅದು ಹೆಸರಾಯಿತು. 1976ರಲ್ಲಿ ಕಾಯಿದೆಯಿಂದ ನಿಷೇಧಿಸಬೇಕಾದ ಅನಿಷ್ಟದ ಹೆಸರಾಯಿತು. ಶಬ್ದ ಅದೇ, ಒಳಗಿನ ಮಾನ ಹೋದೊಡನೆ ಅರ್ಥ ಕುಸಿಯಿತು. ಸೈನ್ಯಸೇವೆ ನೌಕರಿಯೇ ಸರಿ. ಆದರೆ ಪ್ರಾಣವನ್ನು ಪಣವಾಗಿಡುವ ಕರಾರು ಉಳಿದ ನೌಕರಿಗಳಲ್ಲಿ ಅಪೂರ್ವ. ಅದನ್ನು ಬರಿಯ ಕೂಲಿಯೆಂದು ನೀವೇ ಹೇಳಿಕೊಂಡರೆ, ನಿಮ್ಮನ್ನು ಕೂಲಿಯವರಂತೆ ಕಾಣುವವರಿಗೆ ನೀವೇ ಮಾತು ಕಲಿಸಿಕೊಟ್ಟಂತಾಗುತ್ತದೆ.

ದಾರಿಬುತ್ತಿ

ಸೈನ್ಯಕ್ಕೆ ಸೇರಬೇಕೆನ್ನುವ ವಿದ್ಯಾರ್ಥಿಗಳಿಗೆ ಹೇಳಬೇಕಾದುದು ಒಂದೇ. ಓಟದ ಭರದಲ್ಲಿ ಪಾಠವನ್ನು ಬಿಡಬೇಡಿರಿ. ನಾಲ್ಕು ವರ್ಷಗಳ ಸೇವೆ ಮುಗಿಸಿ ಮರಳುವಾಗ ನಿಮ್ಮ ವಯಸ್ಸು ಇಪ್ಪತ್ತೆರಡೋ ಇಪ್ಪತ್ತೈದೋ. ಮುಂದೆ ಬಾಳುವ ದಾರಿ ಬಹಳ ಉದ್ದವಾಗಿದೆ. ಕೈಗೆ ಬಂದ ಇಡುಗಂಟು ಒಂದು ಮನೆ ಕಟ್ಟಿದರೆ, ಒಂದು ಮದುವೆ ಮಾಡಿದರೆ ಕರಗೀತು. ಕಲಿತ ವಿದ್ಯೆ ಹಾಗೆ ಕರಗುವ ಬುತ್ತಿಯಲ್ಲ. ಹತ್ತನೆಯ ತರಗತಿಯನ್ನೋ ಹನ್ನೆರಡನೆಯದನ್ನೋ ಚೆನ್ನಾಗಿ ಮುಗಿಸಿ ಹೋದವನು ಸೇವೆಯಲ್ಲಿದ್ದಾಗಲೂ ಮುಂದಕ್ಕೆ ಓದಬಲ್ಲನು, ಮರಳಿದ ಮೇಲೂ ನಿಲ್ಲಬಲ್ಲನು. ಸೇರದೆ ಉಳಿಯುವವರ ಹೊಣೆ ಬೇರೆ. ಮರಳಿ ಬಂದ ಗೆಳೆಯನಿಗೆ ಕೆಲಸ ಕೊಡುವ, ಸಾಲ ಕೊಡುವ, ಕಡೆಗೆ ಅವನ ಅರ್ಜಿಯನ್ನು ಅಲೆದಾಡಿಸದೆ ಮುಂದಕ್ಕೆ ಕಳಿಸುವ ಕುರ್ಚಿಗಳಲ್ಲಿ ನಾಳೆ ಕುಳಿತಿರುವವರು ನೀವೇ. ಅಂದು ಈ ಪಾಠದ ನೆನಪಾಗಲಿ.

ರಜೆಯಲ್ಲಿ ಮಾಡಬೇಕಾದ ಅಭ್ಯಾಸವಿದು. ನಿಮ್ಮ ಊರಿನಲ್ಲಿಯೋ ನೆರೆಯೂರಿನಲ್ಲಿಯೋ ವೀರಗಲ್ಲಿದ್ದರೆ ಅದನ್ನು ಹುಡುಕಿ, ಅದರ ಪಟ್ಟಿಕೆಗಳ ವಿವರವನ್ನು ಬರೆದುಕೊಳ್ಳಿರಿ. ಅಕ್ಷರಗಳಿದ್ದರೆ ಹಿರಿಯರಿಂದ ಓದಿಸಿರಿ. ಅದರ ಮೇಲೆ ಸುಣ್ಣವಾಗಲಿ ಬಣ್ಣವಾಗಲಿ ಬಳಿಯದಂತೆ ತಿಳಿಹೇಳಿರಿ. ಆಮೇಲೆ ಊರಿನ ಮಾಜಿ ಸೈನಿಕರೊಬ್ಬರ ಬಳಿ ಕುಳಿತು, ಅವರು ಹೊರಟ ದಿನ ಮನೆಯವರು ಆಡಿದ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದಿಟ್ಟುಕೊಳ್ಳಿರಿ. ಕಲ್ಲಿನಲ್ಲಿ ಚಿತ್ರವಾಗದೆ ಉಳಿದ ತಾಯಿಯ ಮಾತು ಆ ಪುಟದಲ್ಲಿ ದೊರೆತೀತು. ಮುಂದಿನ ವರ್ಷ ತರಗತಿ ಆರಂಭವಾದಾಗ ಅವುಗಳನ್ನು ತನ್ನಿರಿ, ಕೂಡಿ ಓದೋಣ.